ಶಾಸನ ಸಮೀಕ್ಷೆಯಲ್ಲಿ ಮೊಬೈಲಿನ ಸ್ಥಾನನಿರ್ದೇಶ: ಒಂದು ವಿಮರ್ಶೆ

ಶಾಸನ, ವೀರಗಲ್ಲು, ಮಾಸ್ತಿಕಲ್ಲುಗಳ ಕ್ಷೇತ್ರಕಾರ್ಯವನ್ನು ಕೈಗೊಳ್ಳುವ ನಮ್ಮ ವಿದ್ಯಾರ್ಥಿಗಳಲ್ಲಿ, ಪ್ರತಿಯೊಂದು ಕಲ್ಲಿನ ಅಕ್ಷಾಂಶ ರೇಖಾಂಶಗಳನ್ನೂ ಮೊಬೈಲ್ ಫೋನಿನಿಂದ ಓದಿ ನಮೂದಿಸುವ ಪದ್ಧತಿ ಈಚೆಗೆ ಬೆಳೆದುಬಂದಿದೆ. ಇದು ಸ್ವಾಗತಾರ್ಹವಾದ ಪದ್ಧತಿಯೇ ಸರಿ. ಬಿ. ಎಲ್. ರೈಸ್ ಅವರು 1886ರಿಂದ ಪ್ರಕಟಿಸತೊಡಗಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಕಲ್ಲಿನ ನೆಲೆಯನ್ನು ಗುಡಿ, ಕೆರೆ, ಹೊಲಗಳ ಆಧಾರದಿಂದ ಹೇಳಲಾಗಿದೆ. ಗುಡಿ ಬಿದ್ದು, ಹೊಲದ ಒಡೆತನ ಕೈಬದಲಾದ ಮೇಲೆ ಅಂತಹ ಕಲ್ಲುಗಳನ್ನು ಅರಸುವ ಕಷ್ಟವನ್ನು ಈ ಕ್ಷೇತ್ರದಲ್ಲಿ ದುಡಿದವರೆಲ್ಲರೂ ಬಲ್ಲರು. ಆದರೆ ಶಾಸನದ ಒಂದೊಂದು ಅಕ್ಷರವನ್ನೂ ಸಂಶಯದಿಂದ ಪರೀಕ್ಷಿಸುವ ನಾವು, ಫೋನು ತೋರಿದ ಅಂಕಿಯನ್ನು ಮಾತ್ರ ಪರೀಕ್ಷೆಯಿಲ್ಲದೆ ಅಂಗೀಕರಿಸುತ್ತಿದ್ದೇವೆ. ಈ ನಂಬಿಕೆ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಪ್ರೇರಣೆಯಾದುದು ನನ್ನದೇ ಒಂದು ತಪ್ಪು. ಕೆಲವು ವರ್ಷಗಳ ಹಿಂದೆ ಕೆರೆಯ ಏರಿಯೊಂದರ ಬಳಿ ಕಂಡ ವೀರಗಲ್ಲಿನ ಸ್ಥಾನವನ್ನು ಗುರುತುಹಾಕಿಕೊಂಡಿದ್ದೆ. ದಿನದ ಕೊನೆಯಾದುದರಿಂದ ಫೋನನ್ನು ಬ್ಯಾಟರಿ ಉಳಿತಾಯದ ಸ್ಥಿತಿಯಲ್ಲಿ ಇಟ್ಟಿದ್ದೆ. ಮರುವರ್ಷ ಅದೇ ಅಂಕಿಯನ್ನು ಹಿಡಿದು ಹೋದಾಗ ಅದು ನಮ್ಮನ್ನು ಕೆರೆಯ ಆಚೆಯ ತೆಂಗಿನ ತೋಟಕ್ಕೆ ಕರೆದೊಯ್ದಿತು. ಕಲ್ಲಿನ ಎಡೆಯನ್ನು ತೋರಿಸಿಕೊಟ್ಟವರು ತೋಟದಲ್ಲಿದ್ದ ಹಿರಿಯರೊಬ್ಬರು. ಅಷ್ಟರೊಳಗೆ ಕಲ್ಲನ್ನು ಯಾರಾದರೂ ಸಾಗಿಸಿದ್ದರೆ, ಅದರ ಮೂಲಸ್ಥಾನಕ್ಕೆ ನನ್ನ ಸುಳ್ಳು ಅಂಕಿಯೊಂದೇ ಸಾಕ್ಷಿಯಾಗಿ ಉಳಿಯುತ್ತಿತ್ತು.

ದೋಷದ ಮೂಲವನ್ನು ಅರಿಯಬೇಕಾದರೆ ಯಂತ್ರದ ಕ್ರಮವನ್ನು ಸ್ವಲ್ಪ ತಿಳಿಯಬೇಕು. ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರು ಎತ್ತರದಿಂದ ತಮ್ಮ ಪರಮಾಣು ಗಡಿಯಾರಗಳ ಕಾಲವನ್ನು ಪ್ರಸಾರಮಾಡುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ತಲಪಿದ ಕಾಲದಿಂದ ಫೋನು ತನ್ನ ನೆಲೆಯನ್ನು ಗಣಿಸುತ್ತದೆ. ಕಾಲದಲ್ಲಿ ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ ತಪ್ಪಿದರೆ ದೂರದಲ್ಲಿ 30 ಸೆಂಟಿಮೀಟರು ತಪ್ಪುತ್ತದೆ. ಉಪಗ್ರಹದ ಸಂದೇಶ ಬರುವುದಾದರೋ ಸೆಕೆಂಡಿಗೆ ಕೇವಲ 50 ಬಿಟ್ಟುಗಳಂತೆ. ಒಂದು ಉಪಗ್ರಹದ ಕಕ್ಷೆಯ ವಿವರಕ್ಕೆ ಸುಮಾರು ಅರ್ಧ ನಿಮಿಷ, ಎಲ್ಲ ಉಪಗ್ರಹಗಳ ಸ್ಥೂಲ ಪಂಚಾಂಗಕ್ಕೆ 12.5 ನಿಮಿಷ ಬೇಕು. ಅಷ್ಟು ಹೊತ್ತು ಕ್ಷೀಣವಾದ ಸಂಕೇತಕ್ಕೆ ಕಿವಿಗೊಟ್ಟಿರುವುದೆಂದರೆ ಬ್ಯಾಟರಿಯನ್ನು ವ್ಯಯಮಾಡುವುದೆಂದೇ ಅರ್ಥ.

ಆದುದರಿಂದ ಈ ಸಾಧನದ ಸುಧಾರಣೆ ನಿಖರತೆ, ಮಿತವ್ಯಯ ಎಂಬ ಎರಡು ದಾರಿಗಳಲ್ಲಿ ನಡೆದಿದೆ. ಉದ್ದೇಶಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಕಕ್ಷೆಯ ವಿವರಗಳನ್ನು ದೂರವಾಣಿಯ ಜಾಲದಿಂದಲೇ ಒದಗಿಸುವ ಕ್ರಮ ಬಂದು, ಕಾಯುವ ಹೊತ್ತೂ ವಿದ್ಯುತ್ತೂ ಉಳಿದವು. 2018ರಿಂದ ಎರಡು ತರಂಗಾವರ್ತನಗಳನ್ನು ಗ್ರಹಿಸುವ ಫೋನುಗಳು ಮಾರುಕಟ್ಟೆಗೆ ಬಂದವು. ಎರಡನೆಯದಾದ ಎಲ್5 ಸಂಕೇತದ ಮಿಡಿತ ಹಳೆಯ ಎಲ್1 ಸಂಕೇತದ ಹತ್ತರಷ್ಟು ಚುರುಕಾದುದರಿಂದ, ಗೋಡೆ ಬಂಡೆಗಳಿಗೆ ತಾಗಿ ಬಂದ ಪ್ರತಿಫಲನವನ್ನು ನೇರ ಸಂಕೇತದಿಂದ ಬೇರ್ಪಡಿಸುವುದು ಸುಲಭವಾಯಿತು. ದೇವಾಲಯದ ಗೋಡೆಯ ಮಗ್ಗುಲಲ್ಲಿ ನಿಂತು ಅಳೆಯುವ ನಮಗೆ ಇದು ಸಾಮಾನ್ಯ ಲಾಭವಲ್ಲ. ನಮ್ಮ ದೇಶದ ನಾವಿಕ್ ವ್ಯವಸ್ಥೆಯೂ ಎಲ್5ನ್ನು ಮೊದಲಿನಿಂದ ಬಳಸುತ್ತಿದ್ದು, 2023ರ ಮೇ 29ರಂದು ಹಾರಿಸಿದ ಎನ್.ವಿ.ಎಸ್.-01 ಉಪಗ್ರಹದೊಡನೆ ಎಲ್1ನ್ನೂ ಸೇರಿಸಿಕೊಂಡಿತು.

ಇಷ್ಟನ್ನು ಒಪ್ಪಿದ ಮೇಲೂ, ನಿಖರತೆ ಮತ್ತು ಮಿತವ್ಯಯಗಳೆರಡೂ ಒಟ್ಟಿಗೆ ಸಿದ್ಧಿಸಿದುವೆಂಬ ಪ್ರಚಾರವಾಕ್ಯವನ್ನು ಹಾಗೆಯೇ ಒಪ್ಪಲಾಗದು. 2017ರಲ್ಲಿ ಪ್ರಕಟವಾದ ಬ್ರಾಡ್‌ಕಾಮ್ ಸಂಸ್ಥೆಯ ಚಿಪ್ಪೊಂದು 30 ಸೆಂಟಿಮೀಟರಿನ ನಿಖರತೆಯನ್ನೂ, ಹಿಂದಿನದರ ಅರ್ಧಕ್ಕಿಂತ ಕಡಮೆ ವಿದ್ಯುತ್ತಿನ ಬಳಕೆಯನ್ನೂ ಸಾರಿತು. ಚಿಪ್ಪಿನ ಸಾಮರ್ಥ್ಯ ಬೇರೆ, ಅದನ್ನು ಫೋನು ಬಳಸುವ ರೀತಿ ಬೇರೆ. ವಿದ್ಯುತ್ತನ್ನು ಉಳಿಸಲು ಗ್ರಾಹಕಯಂತ್ರವನ್ನು ಕ್ಷಣ ಕ್ಷಣಕ್ಕೂ ಆರಿಸಿ ಹೊತ್ತಿಸುವ ಉಪಾಯವುಂಟು. ಅತಿ ಸೂಕ್ಷ್ಮವಾದ ಅಳತೆಗಾದರೋ ವಾಹಕತರಂಗವನ್ನು ಎಡೆಬಿಡದೆ ಅನುಸರಿಸಬೇಕು. ನಡುವೆ ಕಡಿದರೆ ಎಣಿಕೆ ತಪ್ಪುತ್ತದೆ. ಈ ಆರಿಸುವಿಕೆಯನ್ನು ತಡೆಯುವ ಆಯ್ಕೆಯೊಂದನ್ನು 2018ರ ಆಂಡ್ರಾಯ್ಡ್ 9ರಲ್ಲಿ ತಂತ್ರಜ್ಞರಿಗಾಗಿ ಸೇರಿಸಬೇಕಾಗಿ ಬಂದುದೇ, ಎರಡು ಗುಣಗಳ ನಡುವಣ ವಿರೋಧಕ್ಕೆ ಸಾಕಾದ ನಿದರ್ಶನ.

ಇತಿಹಾಸಕಾರನ ಮುಖ್ಯವಾದ ಆಕ್ಷೇಪಣೆ ಇನ್ನೊಂದಿದೆ. ಉಪಗ್ರಹ ದೊರೆಯದಾಗ, ಅಥವಾ ವಿದ್ಯುತ್ತಿನ ಉಳಿತಾಯಕ್ಕಾಗಿ, ಫೋನು ಮೊಬೈಲ್ ಗೋಪುರಗಳಿಂದಲೂ ವೈಫೈ ಕೇಂದ್ರಗಳಿಂದಲೂ ತನ್ನ ನೆಲೆಯನ್ನು ಊಹಿಸುತ್ತದೆ. ಮೊದಲನೆಯದು ಕಣ್ಣಾರೆ ಕಂಡವನ ಸಾಕ್ಷ್ಯವಾದರೆ ಎರಡನೆಯದು ಕೇಳಿದವನ ಮಾತು. ನಕ್ಷೆಯ ಮೇಲೆ ಮೂಡುವ ನೀಲಿ ಚುಕ್ಕೆಯಾದರೋ ಎರಡಕ್ಕೂ ಒಂದೇ. ಅದರ ಸುತ್ತಲಿನ ವೃತ್ತವೇ ಸಂಶಯದ ಅಳತೆ. ನಾವು ಬರೆದುಕೊಳ್ಳದೆ ಬಿಡುವುದು ಅದನ್ನೇ. ಮೇಲಾಗಿ ಅಂಶಕ್ಕೆ ಆರು ದಶಮಾಂಶಸ್ಥಾನಗಳನ್ನು ಅಚ್ಚುಮಾಡುತ್ತೇವೆ. ಆರನೆಯ ಸ್ಥಾನವೆಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರು. ಸಾಮಾನ್ಯ ಫೋನು ಬಯಲಿನಲ್ಲಿಯೂ ಸುಮಾರು 5 ಮೀಟರು ತಪ್ಪಬಲ್ಲದು. ಇದು ಕಾಲೋಲ್ಲೇಖವಿಲ್ಲದ ಶಾಸನಕ್ಕೆ ಲಿಪಿಯೊಂದನ್ನೇ ನೋಡಿ ತಿಥಿ, ವಾರಗಳನ್ನು ಹೇಳಿದಂತೆ.

ಲ್ಯಾಂಬ್ಟನ್ನನು 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದನು. 1802ರಲ್ಲಿ ಮದರಾಸಿನಿಂದ ತ್ರಿಕೋನಮಾಪನವನ್ನು ಹೊಸದಾಗಿ ಆರಂಭಿಸಿ, 1804ರಲ್ಲಿ ಮತ್ತೆ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನಳೆದು ತನ್ನ ಗಣನೆಯನ್ನು ತಾಳೆನೋಡಿದನು. ಅವನ ಉಪಕರಣಗಳು ನಮಗೆ ಬೇಡವಾದರೂ ಅವನ ಶಂಕೆ ನಮಗೆ ಬೇಕು. ಕಲ್ಲಿನ ಬಳಿ ಬ್ಯಾಟರಿ ಉಳಿತಾಯವನ್ನು ತೆಗೆದು, ಆಕಾಶ ತೆರೆದಿರುವೆಡೆಯಲ್ಲಿ ಕೆಲವು ನಿಮಿಷ ನಿಂತು, ಅಂಕಿಯೊಡನೆ ವೃತ್ತದ ಅಳತೆ, ದಿನಾಂಕ, ಫೋನಿನ ಮಾದರಿಗಳನ್ನು ಬರೆಯಬೇಕು. ಮತ್ತೊಂದು ದಿನ ತಾಳೆನೋಡಬೇಕು. ಜೊತೆಗೆ ರೈಸ್ ಅವರ ರೀತಿಯಲ್ಲಿ ಗುಡಿ, ಕೆರೆ, ಹೊಲಗಳ ಹೆಸರನ್ನೂ ಹೇಳಬೇಕು. ಅಂಕಿ ತಪ್ಪಿದಾಗ ಮಾತು, ಮಾತು ಅಳಿದಾಗ ಅಂಕಿ, ಮುಂದಿನವರಿಗೆ ದಾರಿ ತೋರಿಸೀತು.