ಆಟೋ ಹಾಯುವ ಫ್ರೇಮು

ಬಣ್ಣದ ಗೋಡೆಯ ಮುಂದೆ ತೆಗೆದ ಪ್ರವಾಸದ ಫೋಟೊಗಳಿಗೆ ಈಗ ಸಿಗುತ್ತಿರುವ ಮೆಚ್ಚುಗೆ ಅವುಗಳ ಯೋಗ್ಯತೆಯನ್ನು ಮೀರಿದ್ದು. ದೆಹಲಿಯ ಲೋಧಿ ಕಾಲೊನಿಯಿರಲಿ, ಬೆಂಗಳೂರಿರಲಿ, ನಡುವೆ ಚಿತ್ರ, ಅಂಚಿನಲ್ಲಿ ಪ್ರವಾಸಿ. ಕರೆಂಟು ಕಂಬ, ಚರಂಡಿ, ನಿಲ್ಲಿಸಿದ ಸ್ಕೂಟರು ಯಾವುದೂ ಕಾಣದಂತೆ ಕಾದು ಕ್ಲಿಕ್ಕಿಸುವುದೇ ಕೌಶಲವೆನಿಸಿಕೊಂಡಿದೆ. ಹಾಗೆ ತೆಗೆದ ಗೋಡೆ ಯಾವ ಊರಿನದಾದರೂ ಆದೀತು.

ಬೀದಿಯನ್ನು ಬಿಡದ ಚಿತ್ರಗಳೂ ಇವೆ. ಮಲೇಷ್ಯಾದ ಜಾರ್ಜ್‌ಟೌನಿನಲ್ಲಿ ಕಲಾವಿದ ಅರ್ನೆಸ್ಟ್ ಜಕರೆವಿಚ್ 2012ರಲ್ಲಿ ಹಳೆಯ ಗೋಡೆಯೊಂದಕ್ಕೆ ನಿಜವಾದ ಸೈಕಲ್ಲನ್ನು ಆನಿಸಿ, ಅದರ ಮೇಲೆ ಇಬ್ಬರು ಮಕ್ಕಳನ್ನು ಬರೆದರು. ಸೈಕಲ್ಲು ಬೀದಿಯದು, ಮಕ್ಕಳು ಬಣ್ಣದವರು. ಎರಡೂ ಕೂಡಿದ್ದರಿಂದಲೇ ಆ ಚಿತ್ರಕ್ಕೆ ಜೀವ ಬಂತು.

ನಮ್ಮಲ್ಲಿ ಈ ಗುಟ್ಟು ಹಿಡಿದವರು ಕಲಾವಿದ ಬಾದಲ್ ನಂಜುಂಡಸ್ವಾಮಿ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಇಳಿಯಬೇಕಿದ್ದ 2019ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ತುಂಗಾನಗರದ ಗುಂಡಿಬಿದ್ದ ರಸ್ತೆಯಲ್ಲಿ ಅವರು ಮಾಡಿದ ವಿಡಿಯೊ ನೆನೆಯಿರಿ. ಗಗನಯಾತ್ರಿಯ ಪೋಷಾಕಿನಲ್ಲಿ ನಟ ಪೂರ್ಣಚಂದ್ರ ಮೈಸೂರು. ಸುತ್ತ ಕತ್ತಲು, ಕಾಲಡಿಯಲ್ಲಿ ಕುಳಿಗಳು, ತೇಲಿದಂಥ ನಡಿಗೆ. ಮೊದಲ ಕ್ಷಣಗಳಲ್ಲಿ ಕ್ಯಾಮೆರಾ ಪ್ರವಾಸಿಯ ಕ್ಯಾಮೆರಾದಂತೆಯೇ ಬೇಡದ್ದನ್ನೆಲ್ಲ ಹೊರಗಿಡುತ್ತದೆ. ನೋಡುವವರೂ ಚಂದ್ರನ ನೆಲವೆಂದೇ ನಂಬುತ್ತಾರೆ. ಆಗ ಪಕ್ಕದಲ್ಲೇ ಒಂದು ಆಟೋ ಹಾದುಹೋಗುತ್ತದೆ. ಭಾರವಿಲ್ಲದ ಹೆಜ್ಜೆಗೂ ಆಟೋದ ಮಾಮೂಲಿ ಓಟಕ್ಕೂ ಒಂದೇ ಫ್ರೇಮಿನಲ್ಲಿ ಜಾಗ ಸಿಕ್ಕ ಆ ಕ್ಷಣದಲ್ಲಿ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಆಟೋವನ್ನು ಕತ್ತರಿಸಿ ನೋಡಿ: ಉಳಿಯುವುದು ಬರೀ ವೇಷ. ಪಾಲಿಕೆ ಮರುದಿನವೇ ದುರಸ್ತಿಗೆ ಇಳಿದದ್ದು ಚಂದ್ರನನ್ನು ನೋಡಿ ಅಲ್ಲ, ರಸ್ತೆಯನ್ನು ನೋಡಿ. 2015ರಲ್ಲಿ ಸುಲ್ತಾನ್‌ಪಾಳ್ಯದ ಗುಂಡಿಯಲ್ಲಿ ಅವರು ಕೂರಿಸಿದ ಕೃತಕ ಮೊಸಳೆಗೂ ಇದೇ ಮಾತು ಸಲ್ಲುತ್ತದೆ. ಪಕ್ಕದಲ್ಲಿ ಸಾಗುವ ಬೈಕು ಕಂಡರೆ ಮಾತ್ರ ಅದು ರಸ್ತೆಯ ಮೊಸಳೆ.

ಇಲ್ಲೊಂದು ಹಳೆಯ ತಕರಾರನ್ನು ಎತ್ತಲೇಬೇಕು. 2009ರ ಸುಮಾರಿಗೆ ಬಿಬಿಎಂಪಿ ನಗರದ ಗೋಡೆಗಳ ಮೇಲೆ ಹಂಪಿಯ ಕಲ್ಲಿನ ರಥ, ಜೋಗ, ಆನೆ, ಹುಲಿಗಳನ್ನು ಬರೆಸಿದಾಗ ಕಲಾವಲಯದ ಅನೇಕರು ಅದನ್ನು ಕ್ಯಾಲೆಂಡರ್ ಕಲೆಯೆಂದು ತಳ್ಳಿಹಾಕಿದರು. ಹೆಚ್ಚಿನವು ಫೋಟೊ ನೋಡಿ ಬರೆದವು, ನಿಜ. ಆದರೆ ಬರೆದವರಲ್ಲಿ ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡ ಸಿನಿಮಾ ಬ್ಯಾನರ್ ಕಲಾವಿದರಿದ್ದರು. ದೂರದಿಂದ, ಓಡುವ ಬಸ್ಸಿನಿಂದ ಕಾಣುವಂತೆ ಬರೆಯುವ ವಿದ್ಯೆ ಅವರ ಕೈಯಲ್ಲಿತ್ತು. ವಿಮರ್ಶಕರು ಗೋಡೆಯ ಹತ್ತಿರ ನಿಂತು ಕುಂಚದ ತಪ್ಪು ಹುಡುಕಿದರು. ಬಸ್ಸಿನ ಕಿಟಕಿಯಿಂದ ನೋಡಲಿಲ್ಲ. ಈಗಿನ ಮ್ಯೂರಲ್‌ಗಳನ್ನು ಹೊಗಳುವಾಗಲೂ ಬೀದಿಯನ್ನು ಬಿಟ್ಟ ಫೋಟೊವನ್ನೇ ಮುಂದಿಡುತ್ತಾರೆ. ಅಂದು ಬೈದದ್ದೂ ಇಂದು ಹೊಗಳುವುದೂ ಒಂದೇ ಕುರುಡಿನಿಂದ.

ಇದೇ ಕುರುಡು ಊರಾಚೆಯ ದಾರಿಯಲ್ಲೂ ಇದೆ. ಭಾನುವಾರ ಬೆಂಗಳೂರಿನಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಮುಳಬಾಗಿಲಿಗೆ ಬರುವವರು ದೋಸೆ ತಿಂದು, ಕುರುಡುಮಲೆ ಗಣಪತಿಯ ದರ್ಶನ ಮಾಡಿ, ಸೋಮೇಶ್ವರ ದೇಗುಲದ ಕಂಬಗಳ ಫೋಟೊ ತೆಗೆದು ಹಿಂದಿರುಗುತ್ತಾರೆ. ಸಿಮೆಂಟು, ಬಿತ್ತನೆ ಬೀಜದ ಹೆಸರನ್ನು ಕುಂಚದಲ್ಲಿ ಬರೆದ ಹಳೆಯ ಗೋಡೆಗಳ ಮುಂದೆ, ರೈಲು ಬೋಗಿಯಂತೆ ಬಣ್ಣ ಬಳಿದ ಸರ್ಕಾರಿ ಶಾಲೆಗಳ ಮುಂದೆ ಕಾರು ನಿಲ್ಲಿಸುವವರು ಕಡಿಮೆ. ನಿಲ್ಲಿಸಿದವರಾದರೂ ಕೆಲವು ಹೆಜ್ಜೆ ಹಿಂದೆ ಸರಿದು, ವಡ್ಡಹಳ್ಳಿ ಮಾರುಕಟ್ಟೆಗೆ ಟೊಮೆಟೊ ಹೊತ್ತು ಸಾಗುವ ಟೆಂಪೊ ಫ್ರೇಮಿನೊಳಗೆ ಬರುವವರೆಗೆ ಕಾಯಬೇಕು. ಗೋಡೆಯ ಕೆಳಮೂಲೆಯನ್ನೂ ಬಿಡಬಾರದು. ಬರೆದವರು ತಮ್ಮ ಹೆಸರು, ಫೋನ್ ನಂಬರು ಬರೆಯುವುದು ಅಲ್ಲೇ.