ಗೊಮ್ಮಟಸಾರದ ಅಂಕಸಂದೃಷ್ಟಿ

ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ನಿಮಿತ್ತವಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರವು ಕಠಿಣ ಗ್ರಂಥವೆಂದು ಹೆಸರಾಗಿದೆ. ಕಾಠಿಣ್ಯಕ್ಕೆ ಅದರ ಪ್ರಾಕೃತವಷ್ಟೇ ಕಾರಣವಲ್ಲ; ಎಣಿಕೆಗೆ ಸಿಕ್ಕದ ರಾಶಿಗಳ ಲೆಕ್ಕ ಅದರಲ್ಲಿದೆ. ಒಂದು ಸಮಯದಲ್ಲಿ ಜೀವನಿಗೆ ಬಂಧವಾಗುವ ಕರ್ಮಪರಮಾಣುಗಳು ಅನಂತ. ಅವು ಉದಯಕ್ಕೆ ಬರುವ ಸಮಯಗಳು ಅಸಂಖ್ಯಾತ. ಇವುಗಳ ಹಂಚಿಕೆ ಯಾವ ಕ್ರಮದಲ್ಲಿ ಆಗುತ್ತದೆಂಬುದನ್ನು ತಿಳಿಸಲು ಕರ್ಮಕಾಂಡವು ಒಂದು ಚಿಕ್ಕ ಲೆಕ್ಕವನ್ನು ಮುಂದಿಡುತ್ತದೆ.

ದ್ರವ್ಯ 6300, ಸ್ಥಿತಿ 48 ಸಮಯ, ಒಂದೊಂದು ಗುಣಹಾನಿಗೆ 8 ಸಮಯ, ಗುಣಹಾನಿಗಳು 6 ಎಂದು ಇಟ್ಟುಕೊಳ್ಳಬೇಕು. ಒಂದು ಗುಣಹಾನಿಯಿಂದ ಮುಂದಿನದಕ್ಕೆ ದ್ರವ್ಯವು ಅರ್ಧವಾಗುತ್ತದೆ. ಆರು ಎರಡುಗಳನ್ನು ಪರಸ್ಪರ ಗುಣಿಸಿದರೆ 64. ಒಂದನ್ನು ಕಳೆದು 63ರಿಂದ 6300ನ್ನು ಭಾಗಿಸಿದರೆ 100. ಇದು ಕೊನೆಯ ಗುಣಹಾನಿಯ ದ್ರವ್ಯ. ಅಲ್ಲಿಂದ ಹಿಂದಕ್ಕೆ ಇಮ್ಮಡಿಸುತ್ತ ಹೋದರೆ 200, 400, 800, 1600, 3200. ಮೊದಲ ಗುಣಹಾನಿಯ 3200 ಎಂಟು ನಿಷೇಕಗಳಾಗಿ 512, 480, 448 ಎಂದು ಮೂವತ್ತೆರಡರಂತೆ ಇಳಿಯುತ್ತ 288ಕ್ಕೆ ಬರುತ್ತದೆ. ಕೊನೆಯದರಲ್ಲಿ ಇಳಿಕೆ ಒಂದೊಂದೇ, 16ರಿಂದ 9ರವರೆಗೆ. ಸ್ಲೇಟು ಹಿಡಿದ ಬಾಲಕನೂ ಮಾಡಬಹುದಾದ ಲೆಕ್ಕವಿದು. ಅನಂತದ ಮುಂದೆ ಮೂಕವಾಗುವ ಬುದ್ಧಿಗೆ 6300 ಎಂಬ ಸಂಕೇತವು ಕೈಗೆ ಕೋಲು ಕೊಟ್ಟಂತೆ.

ಸಂಕೇತಗಳನ್ನು ನಿಯಮದಂತೆ ನಡೆಸುವ ಸಾಮರ್ಥ್ಯವೇ ಬುದ್ಧಿವಂತಿಕೆಗೆ ಅವಶ್ಯವೂ ಹೌದು, ಸಾಕೂ ಹೌದು ಎಂದು ಅಮೆರಿಕದ ಅಲೆನ್ ನ್ಯೂವೆಲ್ ಮತ್ತು ಹರ್ಬರ್ಟ್ ಸೈಮನ್ 1976ರಲ್ಲಿ ಪ್ರತಿಪಾದಿಸಿದರು. ಅವಶ್ಯವೆಂಬುದಕ್ಕೆ ಗೊಮ್ಮಟಸಾರವೇ ಸಾಕ್ಷಿಯಾಗಬಲ್ಲುದು. ಸಾಕು ಎಂಬುದನ್ನು ಮಾತ್ರ ಅದು ಒಪ್ಪುವಂತೆ ತೋರುವುದಿಲ್ಲ. ಈ ಅಂಕಗಳನ್ನು ಅದು ಸಂದೃಷ್ಟಿ ಎಂದೇ ಕರೆದಿದೆ, ಪ್ರಮಾಣವೆಂದಲ್ಲ. ಲೆಕ್ಕ ತಪ್ಪದೆ ಮಾಡಿದವನೂ 6300 ಯಾವುದರ ಬದಲಿಗೆ ನಿಂತಿದೆ ಎಂಬುದನ್ನು ಅರಿಯದಿದ್ದರೆ ಕರ್ಮವಿಷಯದಲ್ಲಿ ಏನನ್ನೂ ಅರಿತಂತಾಗಲಿಲ್ಲ. 1359ರಲ್ಲಿ ಕನ್ನಡದಲ್ಲಿ ವೃತ್ತಿಯನ್ನು ಬರೆದ ಕೇಶವವರ್ಣಿ, ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ನಡೆದ ದಾರಿಯೂ ಇದೇ. ಅಂಕಸಂದೃಷ್ಟಿಯಲ್ಲಿಯೇ ನಿಲ್ಲದೆ, ನಿಜರಾಶಿಗಳನ್ನು ಅಕ್ಷರ ಮತ್ತು ಚಿಹ್ನೆಗಳಿಂದ ಸೂಚಿಸುವ ಅರ್ಥಸಂದೃಷ್ಟಿಯನ್ನು ಟೋಡರಮಲ್ಲರು ಪ್ರತ್ಯೇಕ ಅಧಿಕಾರವಾಗಿಯೇ ವಿವರಿಸಿದರು. ಓದಲು ಅದು ಬಹಳ ಶುಷ್ಕ. ಆದರೆ ಅಂಕಗಳಿಗಿಂತ ಪ್ರಾಮಾಣಿಕ.

ಅಂಕಸಂದೃಷ್ಟಿಯ ದೋಷವೆಂದರೆ ಅದರ ಸೊಗಸು. ಕೋಷ್ಟಕವು ಅಷ್ಟು ಅಚ್ಚುಕಟ್ಟಾಗಿರುವುದರಿಂದ ಅದು ಬಿಟ್ಟದ್ದು ಓದುಗನಿಗೆ ಕಾಣುವುದಿಲ್ಲ. 48 ಸಮಯಗಳಲ್ಲಿ ಪ್ರತಿಯೊಂದಕ್ಕೂ ನಿಷೇಕವಿದೆ. ಕರ್ಮವು ಉದಯಕ್ಕೆ ಬಾರದೆ ಸುಮ್ಮನಿರುವ ಆಬಾಧಾಕಾಲಕ್ಕೆ ಅಲ್ಲಿ ಸ್ಥಳವಿಲ್ಲ. ಇನ್ನೂ ಮುಖ್ಯವಾದುದು, ಈ ಕೋಷ್ಟಕ ಬಂಧವಾದ ಕ್ಷಣದ ಹಂಚಿಕೆ ಮಾತ್ರ. ಆ ಬಳಿಕ ಜೀವನ ಪರಿಣಾಮಗಳಿಂದ ಆಗುವ ಉತ್ಕರ್ಷಣ, ಅಪಕರ್ಷಣ, ಸಂಕ್ರಮಣ, ಉದೀರಣೆಗಳನ್ನು ಅದೇ ಕರ್ಮಕಾಂಡವು ಬೇರೆಡೆ ವಿಸ್ತಾರವಾಗಿ ಹೇಳುತ್ತದೆ. ಆ ಭಾಗವನ್ನು ಬಿಟ್ಟು ಕೋಷ್ಟಕವೊಂದನ್ನೇ ಬಾಯಿಪಾಠ ಮಾಡಿಸಿದ ಪಾಠಶಾಲೆಯಲ್ಲಿ ಕರ್ಮಸಿದ್ಧಾಂತವು ಹಣೆಬರಹವಾಗಿ ಮಾರ್ಪಡುತ್ತದೆ. 512ರ ಬಳಿಕ 480 ಬರಲೇಬೇಕೆಂದು ನಂಬಿದ ಶ್ರಾವಕನಿಗೆ ತಪಸ್ಸಾದರೂ ಏತಕ್ಕೆ, ಪ್ರತಿಕ್ರಮಣವಾದರೂ ಏತಕ್ಕೆ?