ಮಣ್ಣಿನ ಗೋಡೆಯ ಉಸಿರು

ಅಜ್ಜಂಪುರ ಸೀಮೆಯ ಹಳೆಯ ಮಣ್ಣಿನ ಮನೆಯ ಪಡಸಾಲೆಗೆ ಕಾಲಿಟ್ಟರೆ ಬೇಸಿಗೆಯ ನಡುಹಗಲಲ್ಲೂ ಮೈ ತಣ್ಣಗಾಗುತ್ತದೆ. ಮೊಳ ದಪ್ಪದ ಗೋಡೆ ಹಗಲಿನ ಕಾವನ್ನು ಮೆಲ್ಲಗೆ ಹೀರಿ ಒಳಗೆ ಬಿಡುವಷ್ಟರಲ್ಲಿ ಕತ್ತಲಾಗಿರುತ್ತದೆ.

ಕಡೂರು, ತರೀಕೆರೆ ಕಡೆಯ ಊರುಗಳಿಗೆ ಮರಳಿ ಅಜ್ಜನ ಮನೆಯನ್ನು ರಿಪೇರಿ ಮಾಡಿಸಲು ಹೊರಟವರಲ್ಲಿ ನನ್ನದೊಂದೇ ಬಿನ್ನಹ: ಗೋಡೆಗೆ ಸಿಮೆಂಟು ಮೆತ್ತಿಸಬೇಡಿ. ಮಣ್ಣು ತೇವವನ್ನು ಹೀರುತ್ತದೆ, ಹೊರಗೂ ಬಿಡುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಒಳಗೆ ಸಿಕ್ಕಿಬಿದ್ದ ನೀರು ಗೋಡೆಯನ್ನೇ ಮೆತ್ತಗಾಗಿಸುತ್ತದೆ. ಕೆಮ್ಮಣ್ಣಿಗೆ ಹುಲ್ಲು ಬೆರೆಸಿ, ನೆನೆಸಿ, ತುಳಿದು ಹದ ಮಾಡಿ ಮೆತ್ತಿ, ಮೇಲೆ ಸುಣ್ಣ ಬಳಿದರೆ ಗೋಡೆ ಮತ್ತೆ ಉಸಿರಾಡುತ್ತದೆ.

ಮಾಡಿನ ಮಂಗಳೂರು ಹಂಚೂ ಅಷ್ಟೇ ಜಾಣ ವಸ್ತು. ಒಂದನ್ನೊಂದು ಕಚ್ಚಿಕೊಳ್ಳುವ ಹಂಚಿಗೆ ಫ್ರಾನ್ಸಿನ ಗಿಲಾರ್ಡೊನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದರು; 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಗಾರೆಯ ಹಂಗಿಲ್ಲದೆ ರೀಪಿನ ಮೇಲೆ ಕೂರುವುದರಿಂದ ಒಡೆದ ಒಂದನ್ನಷ್ಟೇ ತೆಗೆದು ಬದಲಿಸಬಹುದು.

ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರ ಕಲ್ಲಿನ ಗುಡಿ ಶತಮಾನಗಳನ್ನು ದಾಟಿ ನಿಂತಿದೆ. ಮಣ್ಣಿನ ಮನೆಗೆ ಅಷ್ಟು ಗಟ್ಟಿತನವಿಲ್ಲ. ಅದಕ್ಕೆ ವರ್ಷಕ್ಕೊಮ್ಮೆ ಮನೆಯವರ ಕೈ ತಾಗಬೇಕು. ತಾಗುತ್ತಿದ್ದರೆ ಅದೂ ಮೊಮ್ಮಕ್ಕಳನ್ನು ಕಾಣುತ್ತದೆ.